ನಿನ್ನ ರೋಗಿಗಳಿಗಾಗಿ ನೀನೇ ಬರೆ

ಚಿರಂಜೀವಿಗೆ ದೊಡ್ಡಮ್ಮನ ಆಶೀರ್ವಾದಗಳು.

‘ಎಷ್ಟು ಬಿಡಿಸಿ ಹೇಳಿದರೂ ಜನ ತಮಗೆ ತೋಚಿದಂತೆಯೇ ಮಾತ್ರೆ ನುಂಗುತ್ತಾರೆ’ ಎಂದು ಮೊನ್ನೆ ಫೋನಿನಲ್ಲಿ ನೊಂದುಕೊಂಡೆಯಲ್ಲ, ಆ ಜನರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಪತ್ರ.

ನನಗೆ ಥೈರಾಯ್ಡ್ ಮಾತ್ರೆ ಶುರುವಾದಾಗ ಡಾಕ್ಟರು ಎಲ್ಲವನ್ನೂ ಸಾವಧಾನವಾಗಿಯೇ ಹೇಳಿದ್ದರು. ಆದರೆ ‘ಬಹುಶಃ ಜೀವನಪೂರ್ತಿ ಬೇಕಾಗುತ್ತದೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮನಸ್ಸು ಅಲ್ಲೇ ನಿಂತುಬಿಟ್ಟಿತು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕೆಂಬುದು ನೆನಪಿತ್ತು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕೆಂಬುದು ಜಾರಿಹೋಗಿತ್ತು. ಎರಡನ್ನೂ ಒಂದೇ ಗುಟುಕು ನೀರಿನಲ್ಲಿ ನುಂಗುತ್ತಿದ್ದೆ. ತಿಂಗಳುಗಟ್ಟಲೆ ಸುಸ್ತು ಬಿಡಲಿಲ್ಲ, ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆಯನ್ನು ತೋರಿಸುವ ಟಿಎಸ್‌ಎಚ್ ಇಳಿಯಲಿಲ್ಲ. ಕೊನೆಗೆ ಡಾಕ್ಟರು, ‘ಬೆಳಗ್ಗೆ ಎದ್ದಮೇಲೆ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ’ ಎಂದು ಕೇಳಿದಾಗ ಗುಟ್ಟು ಹೊರಬಿತ್ತು. ಚೀಟಿಯ ಹಿಂಬದಿಯಲ್ಲಿ ಅವರು ಬರೆದುಕೊಟ್ಟ ನಾಲ್ಕು ಸಾಲು ಇವತ್ತಿಗೂ ನನ್ನ ಮಾತ್ರೆ ಡಬ್ಬಿಯ ಮುಚ್ಚಳದ ಮೇಲಿದೆ.

ವೈದ್ಯರು ಹೇಳಿದ್ದರಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ, ನೆನಪಿಟ್ಟದ್ದರಲ್ಲೂ ಹತ್ತಿರ ಹತ್ತಿರ ಅರ್ಧ ತಪ್ಪಾಗಿರುತ್ತದೆ ಎಂದು 2003ರ ಒಂದು ವೈದ್ಯಕೀಯ ಲೇಖನದಲ್ಲಿ ಓದಿದೆ. ಓದಿ ಸಮಾಧಾನವಾಗಲಿಲ್ಲ, ದಿಗಿಲಾಯಿತು. ಮರೆತವರು ಸುಮ್ಮನಿರುವುದಿಲ್ಲವಲ್ಲ! ರಾತ್ರಿ ಮೊಬೈಲ್ ಹಿಡಿದು ಹುಡುಕುತ್ತಾರೆ. ಅಲ್ಲಿ ನೀನು ಇಲ್ಲದಿದ್ದರೆ ಬೇರೆ ಯಾರೋ ಇರುತ್ತಾರೆ. ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಪ್ರಬಂಧ ನಿಂತಿದ್ದು ಬರೀ 12 ಮಕ್ಕಳ ಮೇಲೆ. ಪ್ರಕಟಿಸಿದ್ದ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯೇ ಅದನ್ನು 2010ರಲ್ಲಿ ಹಿಂತೆಗೆದುಕೊಂಡರೂ ಭಯ ಮಾತ್ರ ಮನೆಮನೆಗಳಲ್ಲಿ ಉಳಿದುಬಿಟ್ಟಿತು. ಭಯ ಸರಳ ಮಾತಿನಲ್ಲಿ ಹರಡುತ್ತದೆ, ಉತ್ತರ ತಜ್ಞರ ಭಾಷೆಯಲ್ಲಿ ತಡವಾಗಿ ಬರುತ್ತದೆ. ನನ್ನನ್ನು ಕಾಡುವುದು ಇದೇ.

ಆದ್ದರಿಂದ ನೀನು ಬರೆ. ನಿನ್ನ ಹೆಸರಿನಲ್ಲೇ, ನೀನು ರೋಗಿಯ ಎದುರು ಕುಳಿತು ಆಡುವ ಮಾತಿನಲ್ಲೇ ಬರೆ. ‘ಇನ್‌ಹೇಲರ್ ಸರಿಯಾಗಿ ಬಳಸಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಡಿ, ನಿಧಾನವಾಗಿ ಒಳಗೆಳೆಯುತ್ತಲೇ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಿರಿ, ಅದರಲ್ಲಿರುವುದು ಸ್ಟಿರಾಯ್ಡ್ ಔಷಧವಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ ಎಂದು ಬರೆದರೆ ಕೈ ತಾನಾಗಿ ಕಲಿಯುತ್ತದೆ. ಬಿ.ಪಿ. ಹತೋಟಿಗೆ ಬಂದಿತೆಂದು ಮಾತ್ರೆ ಬಿಡುವವರಿಗೆ, ಅದು ಹತೋಟಿಯಲ್ಲಿರುವುದೇ ಮಾತ್ರೆಯಿಂದ ಎಂದು ಹೇಳು. ವೈರಸ್‌ನಿಂದ ಬಂದ ನೆಗಡಿಗೆ ಆ್ಯಂಟಿಬಯಾಟಿಕ್ ಏಕೆ ಕೊಡಲಿಲ್ಲ ಎಂಬುದನ್ನೂ ಹೇಳು, ಇಲ್ಲವಾದರೆ ನಿನ್ನ ಒಳ್ಳೆಯ ನಿರ್ಧಾರ ಅವರಿಗೆ ಅಸಡ್ಡೆಯಂತೆ ಕಾಣುತ್ತದೆ. ಯಾವ ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಮಾತ್ರ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕು.

ರೋಗಿಯ ಕಥೆಯನ್ನು ಹೆಸರು ಮರೆಸಿಯೂ ಬರೆಯಬೇಡ ಮಗಳೇ. ವಯಸ್ಸು, ಕೆಲಸ, ಕಾಯಿಲೆ ಸೇರಿದರೆ ಗುರುತು ಸಿಕ್ಕಿಬಿಡುತ್ತದೆ. ಕಣ್ಣಾರೆ ನೋಡದವರಿಗೆ ಔಷಧದ ಪ್ರಮಾಣ ಹೇಳಬೇಡ. ಪ್ರತಿ ಬರಹಕ್ಕೂ ತಾರೀಖು ಹಾಕು, ಚಿಕಿತ್ಸೆ ಬದಲಾದರೆ ತಿದ್ದು.

ಬಿಡುವಿಲ್ಲ ಎನ್ನುತ್ತೀಯೆ, ಗೊತ್ತು. ನಾಳೆ ಸಂಜೆ ಕೊನೆಯ ರೋಗಿ ಹೋದಮೇಲೆ, ಆ ದಿನ ಅತಿ ಹೆಚ್ಚು ಸಲ ಹೇಳಿದ ಮಾತು ಯಾವುದೆಂದು ನೆನಪಿಸಿಕೊಂಡು ಒಂದೇ ಪುಟ ಬರೆದು ನನಗೆ ಕಳುಹಿಸು. ಅರ್ಥವಾಗದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಹಿಂದಿರುಗಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ