ನಲವತ್ತು ಸಾವಿರದ ಬ್ಲೆಂಡರ್: ಮಿಕ್ಸಿ ರಿಪೇರಿಯವನ ಮಾತು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ದುಬಾರಿ ಹೈ ಪವರ್ ಬ್ಲೆಂಡರ್‌ಗಳ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ನಲವತ್ತು ಸಾವಿರ ಹೋದರೂ ಪರವಾಗಿಲ್ಲ, ಒಮ್ಮೆ ತಂದರೆ ಮತ್ತೆ ಮಿಕ್ಸಿಯ ಮಾತೇ ಬೇಡ ಅನ್ನುವ ಹಾಗೆ ಬರೆದಿದ್ದರು. ಅಲ್ಲಿಂದ ಶುರುವಾಯಿತು ನೋಡಿ. ಅಂಗಡಿಗೆ ಮಿಕ್ಸಿ ಹಿಡಿದುಕೊಂಡು ಬಂದವರೆಲ್ಲ, "ಅಣ್ಣಾ, ಇದನ್ನ ರಿಪೇರಿ ಮಾಡಿಸೋದು ಬಿಟ್ಟು ಅದನ್ನೇ ತಗೊಂಡ್ರೆ ಹೆಂಗೆ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಅದಕ್ಕೇ ಈ ಪತ್ರ.

ನಾನು ದಾವಣಗೆರೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುವವನು. ಹೊಸ ಮಾಲು ಮಾರುವುದಿಲ್ಲ. ಹಾಗಾಗಿ ಯಾವ ಕಂಪನಿಯ ಹಂಗೂ ನನಗಿಲ್ಲ. ಜನ ಹಳೆಯ ಮಿಕ್ಸಿ ಬಿಟ್ಟರೆ ನನ್ನ ಹೊಟ್ಟೆಪಾಡಿಗೆ ಕುತ್ತು ಅನ್ನುವುದೂ ನಿಜ. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಮೊದಲು ಆ ಬ್ಲೆಂಡರ್‌ಗೆ ಸಲ್ಲಬೇಕಾದ ಮಾತು ಹೇಳಿಬಿಡುತ್ತೇನೆ. ಅದು ಬರೀ ಷೋಕಿ ವಸ್ತುವಲ್ಲ. ಅಮೆರಿಕದ ಓಹಾಯೊ ರಾಜ್ಯದ ವೈಟಾಮಿಕ್ಸ್ ಕಂಪನಿ ಶುರುವಾಗಿದ್ದು 1921ರಲ್ಲಿ. 1949ರಷ್ಟು ಹಿಂದೆಯೇ ಅವರು ಟಿವಿಯಲ್ಲಿ ಬ್ಲೆಂಡರ್ ಓಡಿಸಿ ತೋರಿಸಿ ಮಾರಿದವರು. ಅಂಥ ಮೆಷಿನ್ನಿನ ಬ್ಲೇಡು ಚಾಕುವಿನ ಹಾಗೆ ಹರಿತ ಇರುವುದಿಲ್ಲ, ಮೊಂಡಾಗಿರುತ್ತದೆ. ಕತ್ತರಿಸುವುದಕ್ಕಿಂತ ಜಾಸ್ತಿ, ವೇಗದಲ್ಲಿ ಹೊಡೆದು ನುಣ್ಣಗೆ ಮಾಡುತ್ತದೆ. ಫ್ರೀಜರ್‌ನಲ್ಲಿ ಕಲ್ಲಾದ ಬಾಳೆಹಣ್ಣು, ಐಸು, ಹಸಿ ಕ್ಯಾರೆಟ್ಟು, ಸೊಪ್ಪು ಎಲ್ಲ ಒಟ್ಟಿಗೆ ಹಾಕಿ, ನೀರೋ ಹಾಲೋ ಸುರಿದು ಓಡಿಸಿದರೆ ಒಂದು ಚೂರೂ ನಾಲಿಗೆಗೆ ಸಿಗುವುದಿಲ್ಲ. ಸುಮಾರು ಹೊತ್ತು ಓಡಿಸಿದರೆ ಬ್ಲೇಡಿನ ತಿಕ್ಕಾಟಕ್ಕೇ ಸೂಪು ಬಿಸಿಯಾಗಿ ಹಬೆ ಬರುತ್ತದೆ. ನಮ್ಮ ಮಿಕ್ಸಿಗೆ ಅಷ್ಟು ಹೊತ್ತು ಒಂದೇ ಸಮ ಓಡು ಅಂದರೆ ಓಡಲ್ಲ. ಅದರ ಬುಡದ ಚೀಟಿ ಓದಿ. ಬಹಳಷ್ಟಕ್ಕೆ ಐದು ನಿಮಿಷ ಓಡಿಸಿ ಎರಡು ನಿಮಿಷ ಬಿಡಿ ಎಂದೇ ಬರೆದಿರುತ್ತಾರೆ.

ಸರಿ, ಆದರೆ ನಮ್ಮ ಮನೆಗಳಲ್ಲಿ ದಿನಾ ರುಬ್ಬುವುದೇನು? ಬೆಳಿಗ್ಗೆ ಅರ್ಧ ಹೋಳು ಕಾಯಿ, ಒಂದು ಹಿಡಿ ಹುರಿಗಡಲೆ, ಎರಡು ಹಸಿಮೆಣಸಿನಕಾಯಿ. ಮಧ್ಯಾಹ್ನ ಹುಳಿಗೆ ಒಂದಿಷ್ಟು ಮಸಾಲೆ. ವಾರಕ್ಕೊಮ್ಮೆ ಶೇಂಗಾ ಚಟ್ನಿಪುಡಿ. ಅಲ್ವಾ? ಇದನ್ನು ಹೋಗಿ ಸುಮಾರು ಎರಡು ಲೀಟರಿನ ಬ್ಲೆಂಡರ್ ಜಾರಿಗೆ ಹಾಕಿ ನೋಡಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಬ್ಲೇಡು ಒಮ್ಮೆ ತಿರುಗಿದ್ದೇ ತಡ, ಎಲ್ಲವೂ ಹಾರಿ ಗೋಡೆಗೆ ಅಂಟಿಕೊಳ್ಳುತ್ತದೆ, ಬ್ಲೇಡಿನ ಸುತ್ತ ಬರೀ ಗಾಳಿ. ಆ ಮೆಷಿನ್ ಸುಳಿ ಎಬ್ಬಿಸಿ ಮೇಲಿನದನ್ನು ಕೆಳಗೆ ಎಳೆದುಕೊಳ್ಳಬೇಕಾದರೆ ಒಳಗೆ ಸಾಕಷ್ಟು ನೀರಿರಬೇಕು, ಪದಾರ್ಥವೂ ಜಾಸ್ತಿ ಇರಬೇಕು. ಗಟ್ಟಿ ಇದ್ದರೆ ಜೊತೆಗೆ ಕೊಟ್ಟ ಕೋಲಿನಿಂದ ಮೇಲಿನಿಂದ ಒತ್ತುತ್ತಾ ಇರಬೇಕು. ನಮಗೆ ಬೇಕಾಗಿರುವುದು ಗಟ್ಟಿ ಚಟ್ನಿ. ನೀರು ಸುರಿದರೆ ಅದು ಚಟ್ನಿ ಅಲ್ಲ, ಕಾಯಿಹಾಲು.

ನಮ್ಮ ಮಿಕ್ಸಿಯ ಬುದ್ಧಿವಂತಿಕೆ ಇರುವುದು ಮೋಟಾರಿನಲ್ಲಲ್ಲ, ಆ ಚಿಕ್ಕ ಚಟ್ನಿ ಜಾರಿನಲ್ಲಿ. ಬಾಯಿ ಕಿರಿದು, ತಳ ಕಿರಿದು, ಬ್ಲೇಡಿಗೂ ಗೋಡೆಗೂ ನಡುವೆ ಜಾಗ ಕಮ್ಮಿ. ಹಾಕಿದ್ದು ಮತ್ತೆ ಮತ್ತೆ ಬ್ಲೇಡಿನ ಮೇಲೇ ಬೀಳುತ್ತದೆ. ಮೇಲಾಗಿ ಸ್ಟೀಲು. ಅರಿಶಿನ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಏನು ರುಬ್ಬಿದರೂ ತೊಳೆದರೆ ಹೋಯಿತು. ಬ್ಲೆಂಡರಿನ ಪ್ಲಾಸ್ಟಿಕ್ ಜಾರು ಅರಿಶಿನಕ್ಕೆ ಹಳದಿ ಹಿಡಿದರೆ ಹಿಡಿಯಿತು, ಬೆಳ್ಳುಳ್ಳಿ ವಾಸನೆಯೂ ಸುಲಭಕ್ಕೆ ಬಿಡುವುದಿಲ್ಲ. ಚಿಕ್ಕ ಜಾರು, ಒಣ ಪುಡಿಯ ಜಾರು ಬೇಕಾದರೆ ಸಿಗುತ್ತವೆ, ಆದರೆ ಎಷ್ಟೋ ಸಲ ಅದಕ್ಕೆ ಬೇರೆ ದುಡ್ಡು. ಆ ದುಡ್ಡಿಗೇ ನಮ್ಮಲ್ಲಿ ಒಂದು ಒಳ್ಳೆಯ ಮಿಕ್ಸಿ ಬರುತ್ತದೆ.

ನಿಮ್ಮ ಬರಹದಲ್ಲಿ ಇನ್ನೊಂದು ವಿಷಯಕ್ಕೆ ಬಹಳ ಒತ್ತು ಕೊಟ್ಟಿದ್ದರು. ಎರಡು ಹಾರ್ಸ್ ಪವರ್, ಅಷ್ಟು ವ್ಯಾಟ್, ಇಷ್ಟು ವ್ಯಾಟ್. ಇದರಲ್ಲಿ ಎರಡು ಮಾತು ಗಮನಿಸಬೇಕು. ವ್ಯಾಟ್ ಅಂದರೆ ಮೆಷಿನ್ ಎಷ್ಟು ಕರೆಂಟು ತಿನ್ನುತ್ತದೆ ಅನ್ನುವ ಲೆಕ್ಕ. ಎಷ್ಟು ಚೆನ್ನಾಗಿ ರುಬ್ಬುತ್ತದೆ ಅನ್ನುವ ಲೆಕ್ಕ ಅಲ್ಲ. ಒಂದು ಹಾರ್ಸ್ ಪವರ್ ಅಂದರೆ 746 ವ್ಯಾಟ್. ಹಾಗೆ ನೋಡಿದರೆ ನಮ್ಮ ಸಾಮಾನ್ಯ 750 ವ್ಯಾಟ್ ಮಿಕ್ಸಿಯನ್ನೂ ಒಂದು ಹಾರ್ಸ್ ಪವರ್ ಎಂದು ಬರೆದು ಮಾರಬಹುದಿತ್ತು. ಇನ್ನು ಡಬ್ಬದ ಮೇಲೆ 'ಪೀಕ್' ಅಂತ ಸೇರಿಸಿದ್ದರೆ ಅದು ಒಂದು ಗಳಿಗೆಗೆ ಮುಟ್ಟುವ ಗರಿಷ್ಠ ಶಕ್ತಿ, ಇಡೀ ಹೊತ್ತು ಸಿಗುವುದಲ್ಲ.

ಎರಡನೆಯದು ಪ್ಲಗ್ಗಿನ ವಿಷಯ. ಇದನ್ನು ಯಾರೂ ಬರೆಯುವುದಿಲ್ಲ. ನಮ್ಮ ಅಡುಗೆಮನೆ ಕಟ್ಟೆಯ ಮೇಲಿರುವ ಚಿಕ್ಕ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟಿಗೆ 6 ಆಂಪಿಯರ್ ಅಂದರೆ 1380 ವ್ಯಾಟಿಗೆ ಮುಗಿಯಿತು. ಅದಕ್ಕಿಂತ ಜಾಸ್ತಿ ಎಳೆಯುವ ಬ್ಲೆಂಡರಿಗೆ ಗೀಸರಿಗೆ ಹಾಕುವಂಥ ದೊಡ್ಡ ಸಾಕೆಟ್ಟೇ ಬೇಕು. ಹಳೆಯ ಮನೆಗಳ ಕಟ್ಟೆಯ ಮೇಲೆ ಅದು ಎಲ್ಲಿರುತ್ತದೆ? ಅಡಾಪ್ಟರ್ ಸಿಕ್ಕಿಸಿ ಚಿಕ್ಕ ಸಾಕೆಟ್ಟಿಗೇ ಹಾಕುತ್ತಾರೆ. ಸಾಕೆಟ್ಟು ಕರಗಿ ಕಪ್ಪಾಗಿದ್ದನ್ನು ನಾನು ನೋಡಿದ್ದೇನೆ.

ಅಮೆರಿಕದಿಂದ ಮಗ, ಮಗಳು ತಂದುಕೊಟ್ಟ ಬ್ಲೆಂಡರುಗಳ ಕತೆಯೇ ಬೇರೆ. ಅಲ್ಲಿನ ಮನೆಗಳಲ್ಲಿ ಬರುವುದು 120 ವೋಲ್ಟ್. ಅಲ್ಲಿಗಾಗಿ ಮಾಡಿದ ಮೋಟಾರನ್ನು ಇಲ್ಲಿ 230ಕ್ಕೆ ಸಿಕ್ಕಿಸಿದರೆ ಸ್ವಿಚ್ ಹಾಕಿದ ಕೂಡಲೇ ಹೊಗೆ. ಹೋದ ಯುಗಾದಿಯ ಹೊತ್ತಿಗೆ ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಅಂಥದೊಂದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತಂದಿದ್ದರು. ಬಿಚ್ಚಿದರೆ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗ, ಸುಟ್ಟು ಕರಿ. "ಮಗಳಿಗೆ ಹೇಳಬೇಡಪ್ಪಾ, ಬೇಜಾರು ಮಾಡ್ಕೊಂತಾಳೆ" ಅಂದರು. ವೈಂಡಿಂಗ್ ಮಾಡಿಸೋಣ ಅಂದರೆ ಆ ಅಳತೆಯ ಭಾಗ ಇಲ್ಲಿ ಸಿಗಲಿಲ್ಲ. ಟ್ರಾನ್ಸ್‌ಫಾರ್ಮರ್ ಹಾಕಿಕೊಂಡು ಓಡಿಸಬಹುದು, ಆದರೆ ಅಷ್ಟು ವ್ಯಾಟ್ ತಡೆಯುವ ಟ್ರಾನ್ಸ್‌ಫಾರ್ಮರು ಬ್ಲೆಂಡರಿಗಿಂತ ಭಾರ ಇರುತ್ತದೆ. ತಮಾಷೆ ಅಂದರೆ, ಅದೇ ಅಮೆರಿಕದಲ್ಲಿರುವ ನಮ್ಮವರಿಗಾಗಿ ಇಲ್ಲಿನ 'ಪ್ರೀತಿ'ಯಂಥ ಮಿಕ್ಸಿ ಕಂಪನಿಗಳು ಅಲ್ಲಿನ ವೋಲ್ಟಿಗೆ ಹೊಂದುವ ಮಿಕ್ಸಿಯನ್ನೇ ಬೇರೆ ಮಾಡಿ ಮಾರುತ್ತವೆ. ಬ್ಲೆಂಡರುಗಳ ತವರಿನಲ್ಲಿ ಕೂತವರಿಗೂ ಚಟ್ನಿಗೆ ಮಿಕ್ಸಿಯೇ ಬೇಕು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಬಿಡಿಭಾಗದ ವಿಷಯ. ನಮ್ಮ ಅಡುಗೆಗೆ ಹೊಂದುವ ಮಿಕ್ಸಿ ಹುಟ್ಟಿದ್ದೇ ಹೊರಗಿನಿಂದ ಬಂದ ಒಂದು ಮೆಷಿನ್ ಕೆಟ್ಟದ್ದರಿಂದ. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಅನ್ನುವ ಇಂಜಿನಿಯರ್ ಸೀಮೆನ್ಸ್‌ನಲ್ಲಿ ಕೆಲಸದಲ್ಲಿದ್ದರು. ಅವರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ಕೆಟ್ಟಿತು. ಹೆಂಡತಿ ಮಾಧುರಿಯವರು ನೀವೇ ಏನಾದರೂ ಮಾಡಿ ಎಂದರು. ಆ ಮನುಷ್ಯ ನಮ್ಮ ಅಡುಗೆಯ ಭಾರ ತಡೆಯುವ ಮೋಟಾರು ಹಾಕಿ ಬೇರೆಯದನ್ನೇ ಮಾಡಿದರು. ಅದೇ ಮುಂದೆ ಸುಮೀತ್ ಆಯಿತು. ಆ ಕಾಲದ ಸುಮೀತ್ ಮಿಕ್ಸಿಗಳು ಈಗಲೂ ನನ್ನ ಟೇಬಲ್ಲಿಗೆ ಬರುತ್ತವೆ. ಅತ್ತೆ ಮನೆಯದು ಅಂತ ಸೊಸೆಯಂದಿರು ತರುತ್ತಾರೆ.

ಅವು ಯಾಕೆ ಇನ್ನೂ ಓಡುತ್ತಿವೆ? ಬಿಚ್ಚಬಹುದು, ಭಾಗ ಹಾಕಬಹುದು, ಅದಕ್ಕೆ. ಮಿಕ್ಸಿಯಲ್ಲಿ ಕೆಡುವುದು ಕೆಲವೇ ಕೆಲವು. ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆಯುತ್ತದೆ. ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿಯನ್ನು ಹಿಡಿದಿಡುವ ಬುಷ್ ಹೋಗಿ ನೀರು ಕೆಳಗೆ ಸೋರುತ್ತದೆ. ಬ್ಲೇಡು ಮೊಂಡಾಗುತ್ತದೆ. ಮೋಟಾರಿಗೂ ಜಾರಿಗೂ ಕೊಂಡಿಯಾಗುವ ಕಪ್ಲರಿನ ಹಲ್ಲು ಸವೆಯುತ್ತದೆ. ಕಪ್ಲರ್ ಬೇಗ ಹೋಯಿತು ಅಂತ ಬೈಯುವವರಿಗೆ ಹೇಳುತ್ತೇನೆ, ಅದು ಹೋಗಬೇಕಾದದ್ದೇ. ಜಾರು ಸಿಕ್ಕಿಕೊಂಡಾಗ ಅದು ಮುರಿದು ಮೋಟಾರನ್ನು ಉಳಿಸುತ್ತದೆ. ಐವತ್ತು ಅರವತ್ತು ರೂಪಾಯಿಯ ಭಾಗ, ಹತ್ತು ನಿಮಿಷದ ಕೆಲಸ. ಮಿಕ್ಸಿ ಸತ್ತೇ ಹೋಯಿತು ಅಂತ ತರುವವರಲ್ಲಿ ಎಷ್ಟೋ ಜನರದ್ದು ಬರೀ ಬುಡದ ಕೆಂಪು ಬಟನ್ ಹಾರಿರುತ್ತದೆ. ಅದು ಓವರ್‌ಲೋಡ್ ಸ್ವಿಚ್ಚು. ಸ್ವಲ್ಪ ಹೊತ್ತು ಆರಲು ಬಿಟ್ಟು ಒತ್ತಿದರೆ ಮತ್ತೆ ಓಡುತ್ತದೆ. ಇದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.

ನಲವತ್ತು ಸಾವಿರದ ಬ್ಲೆಂಡರಿನ ಜಾರು ಸೋರಿದರೆ ಏನು ಮಾಡುತ್ತೀರಿ? ಕೆಲವದರಲ್ಲಿ ಬ್ಲೇಡು, ಬೇರಿಂಗು ಎಲ್ಲ ಸೇರಿ ಒಂದೇ ತುಂಡು. ಇಡಿಯಾಗಿ ಬದಲಿಸಬೇಕು. ದಾವಣಗೆರೆಯಲ್ಲಿ ಸಿಗಲ್ಲ, ಬೆಂಗಳೂರಿಗೆ ಕಳಿಸಿ ಅನ್ನುತ್ತಾರೆ. ಗ್ಯಾರಂಟಿ ಇದೆಯಲ್ಲ ಅಂತ ನೀವು ಹೇಳಬಹುದು. ಅಲ್ಲೇ ಸಣ್ಣ ಅಕ್ಷರ ಓದಬೇಕು. ಮೋಟಾರಿಗೆ ಐದು ವರ್ಷ ಅಂತ ದೊಡ್ಡದಾಗಿ ಹಾಕಿ, ಸವೆಯುವ ಭಾಗಗಳಿಗೆ ಅನ್ವಯಿಸುವುದಿಲ್ಲ ಅಂತ ಕೆಳಗೆ ಬರೆದಿರುತ್ತಾರೆ. ಕೆಡುವುದೆಲ್ಲ ಆ ಸವೆಯುವ ಭಾಗಗಳೇ! ದುಬಾರಿಯವರಲ್ಲಿ ಕೆಲವರು ಪೂರ್ತಿ ಮೆಷಿನ್ನಿಗೇ ಏಳು ವರ್ಷ ಕೊಡುತ್ತಾರೆ, ಅದು ಒಳ್ಳೆಯದೇ. ಆದರೆ ಇಲ್ಲಿ ಯಾರು, ಎಷ್ಟು ದಿನದಲ್ಲಿ, ಎಲ್ಲಿ ಮಾಡಿಕೊಡುತ್ತಾರೆ ಅಂತ ಕೇಳಿ ಬರೆಸಿಕೊಳ್ಳಿ.

ಹಾಗಾದರೆ ಯಾರೂ ತಗೊಳ್ಳಬಾರದಾ? ಹಾಗಲ್ಲ. ದಿನಾ ಮನೆಮಂದಿಗೆಲ್ಲ ಐಸು, ಹಣ್ಣು, ಸೊಪ್ಪು ಹಾಕಿ ಸ್ಮೂದಿ ಮಾಡುವವರು ತಗೊಳ್ಳಲಿ. ಬಾದಾಮಿ, ಶೇಂಗಾ ಬೆಣ್ಣೆಯನ್ನು ಮನೆಯಲ್ಲೇ ಮಾಡುವವರಿಗೆ ಅನುಕೂಲ. ಒಬ್ಬ ತಾಯಿ ಬಂದು ಕೇಳಿದ್ದರು. ಅವರ ಯಜಮಾನರಿಗೆ ಲಕ್ವ ಹೊಡೆದು ನುಂಗಲು ಕಷ್ಟ. ಒಂದು ಚೂರು ಗಂಟು ಇದ್ದರೂ ಕೆಮ್ಮು. ಡಾಕ್ಟರು ಪೂರ್ತಿ ನುಣ್ಣಗಿರಲಿ ಎಂದಿದ್ದಾರೆ. ಮಿಕ್ಸಿಯಲ್ಲಿ ಮಾಡಿ ಜರಡಿ ಹಿಡಿದೂ ಹಿಡಿದೂ ಆಕೆಗೆ ಸಾಕಾಗಿತ್ತು. ಅವರಿಗೆ ನಾನೇ ತಗೊಳ್ಳಿ ಅಂದೆ. ಜ್ಯೂಸ್ ಅಂಗಡಿಯವರು ಮಾತ್ರ ಮನೆಬಳಕೆಯದನ್ನು ತರಬೇಡಿ. ಅಂಗಡಿಯಲ್ಲಿ ಓಡಿಸಿದ್ದು ಗೊತ್ತಾದರೆ ಗ್ಯಾರಂಟಿ ಸಿಗುವುದಿಲ್ಲ. ವ್ಯಾಪಾರಕ್ಕೇ ಅಂತ ಬೇರೆ ಮಾಡೆಲ್ ಬರುತ್ತವೆ.

ದೋಸೆಹಿಟ್ಟಿಗೆ ಅಂತ ತಗೊಳ್ಳುವವರಿಗೆ ಬೇಡವೇ ಬೇಡ. ವೇಗ ಜಾಸ್ತಿಯಾದಷ್ಟೂ ಹಿಟ್ಟು ಬಿಸಿ. ನಮ್ಮೂರಿನ ಬೆಣ್ಣೆದೋಸೆ ಹೋಟೆಲುಗಳಲ್ಲಿ ಹಿಟ್ಟು ರುಬ್ಬುವುದು ಕಲ್ಲಿನ ಗ್ರೈಂಡರಿನಲ್ಲಿ, ನಿಧಾನಕ್ಕೆ. ಮಿಕ್ಸಿಯಲ್ಲೇ ಆಗಬೇಕು ಅಂದರೆ ಫ್ರಿಜ್ಜಿನ ತಣ್ಣೀರು ಹಾಕಿ, ಸ್ವಲ್ಪ ಸ್ವಲ್ಪವೇ ರುಬ್ಬಿ. ವರ್ಷದ ಖಾರದಪುಡಿಗೆ ಗಿರಣಿ ಇದ್ದೇ ಇದೆ. ಅರಿಶಿನದ ಕೊಂಬು, ಒಣಶುಂಠಿಯನ್ನು ಇಡಿಯಾಗಿ ಯಾವ ಜಾರಿಗೂ ಹಾಕಬೇಡಿ. ಮೊದಲು ಕುಟ್ಟಿ ಚೂರು ಮಾಡಿಕೊಳ್ಳಿ. ಮತ್ತೆ, ಜಾರನ್ನು ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿಸಿಡಬೇಡಿ ತಾಯಂದಿರೇ. ಬುಷ್ ಬೇಗ ಹಾಳಾಗುವುದಕ್ಕೆ ಅದೂ ಒಂದು ಕಾರಣ.

ಪತ್ರಿಕೆಯವರಲ್ಲಿ ಒಂದು ಕೋರಿಕೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ, ಅಂದರೆ ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳಲು ಗ್ರಾಹಕನಿಗಿರಬೇಕಾದ ಹಕ್ಕಿನ ಬಗ್ಗೆ, ಸಮಿತಿ ಮಾಡಿತು, ವೆಬ್‌ಸೈಟನ್ನೂ ಶುರು ಮಾಡಿತು. ನನ್ನ ಅಂಗಡಿಗೆ ಬರುವವರಲ್ಲಿ ಇದು ಗೊತ್ತಿರುವವರು ಯಾರೂ ಸಿಕ್ಕಿಲ್ಲ. ಭಾಗ ಇಲ್ಲ ಅಂತ ಸರ್ವಿಸ್‌ನವರು ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು ಅನ್ನುವುದೂ ಗೊತ್ತಿಲ್ಲ. ಇನ್ನು ಮುಂದೆ ಇಂಥ ವಸ್ತುಗಳ ಬಗ್ಗೆ ಬರೆಸುವಾಗ ಬೆಲೆ, ಬಣ್ಣ, ವ್ಯಾಟ್ ಜೊತೆಗೆ ಎರಡು ಸಾಲು ಸೇರಿಸಿ. ಜಾರು, ಬ್ಲೇಡು, ಕಪ್ಲರ್ ಬಿಡಿಯಾಗಿ ಸಿಗುತ್ತವೆಯೇ, ಸಿಕ್ಕರೆ ಎಷ್ಟು? ಬೆಂಗಳೂರು ಬಿಟ್ಟು ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯಲ್ಲಿ ಸರ್ವಿಸ್ ಇದೆಯೇ? ಕಂಪನಿಯವರು ಉತ್ತರ ಕೊಡದಿದ್ದರೆ, ಉತ್ತರ ಕೊಡಲಿಲ್ಲ ಅಂತಲೇ ಹಾಕಿ.

ಇಂತಿ ನಿಮ್ಮ ಓದುಗ,
ಮಿಕ್ಸಿ ರಿಪೇರಿ ಅಂಗಡಿಯವ, ದಾವಣಗೆರೆ