ಜಗಲಿಯಲ್ಲಿ ಕುಳಿತು ಕೊಟ್ಟ ಉತ್ತರ

ಪೊನ್ನಂಪೇಟೆ

ಪ್ರೀತಿಯ ಮಗಳಿಗೆ,

ನೀನು ಅಂತರರಾಷ್ಟ್ರೀಯ ಅಭಿವೃದ್ಧಿಯನ್ನು ಓದುತ್ತೇನೆ ಎಂದಾಗ, ಅದನ್ನು ಓದಿದವರಿಗೆ ಕೆಲಸ ಎಲ್ಲಿ ಸಿಗುತ್ತದೆ ಎಂದಷ್ಟೇ ಕೇಳಿದ್ದೆ. ಆ ಪ್ರಶ್ನೆಯನ್ನು ನಾನಿನ್ನೂ ಕೈಬಿಟ್ಟಿಲ್ಲ. ಆದರೆ ನೀನು ಕಳುಹಿಸಿದ ಪಠ್ಯಪಟ್ಟಿಯನ್ನು ಓದಿದ ಮೇಲೆ ಬೇರೆಯೇ ವಿಷಯವೊಂದನ್ನು ಬರೆಯಬೇಕೆನಿಸಿತು.

ಪಟ್ಟಿಯಲ್ಲಿ ವಿಶ್ವಬ್ಯಾಂಕಿಗೆ ಎರಡು ವಾರ ಇಟ್ಟಿದ್ದಾರೆ. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ಶುರುವಾದ ಆ ಕಥೆ ನಮ್ಮ ನಾಗರಹೊಳೆಯವರೆಗೂ ಬಂದಿತ್ತು. ತೊಂಬತ್ತರ ದಶಕದಲ್ಲಿ ಬ್ಯಾಂಕಿನ ನೆರವಿನಿಂದ ದೇಶದ ಏಳು ಕಾಡುಗಳಲ್ಲಿ ಶುರುವಾದ ಪರಿಸರ ಅಭಿವೃದ್ಧಿ ಯೋಜನೆಯಲ್ಲಿ ನಾಗರಹೊಳೆಯೂ ಒಂದಾಗಿತ್ತು. ಯೋಜನೆ ರೂಪಿಸುವಾಗ ತಮ್ಮನ್ನು ಸರಿಯಾಗಿ ಕೇಳಲೇ ಇಲ್ಲ, ಇದರಿಂದ ಕಾಡು ಬಿಡಬೇಕಾಗುತ್ತದೆ ಎಂದು ಹಾಡಿಯ, ಅಂದರೆ ಕಾಡಿನ ಆದಿವಾಸಿ ವಸತಿಗಳ, ಜನರ ಸಂಘಟನೆಯೊಂದು 1998ರಲ್ಲಿ ಬ್ಯಾಂಕಿನದೇ ತಪಾಸಣಾ ಸಮಿತಿಗೆ ದೂರು ಕೊಟ್ಟಿತು. ತನಿಖೆ ಆಗಬೇಕೆಂದು ಸಮಿತಿ ಶಿಫಾರಸು ಮಾಡಿತು. ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಲಿಲ್ಲ. ಆಗ ನಾನು ಕಾಫಿ ದರದ ಗುಂಗಿನಲ್ಲಿದ್ದೆ. ನಮ್ಮ ತೋಟದಲ್ಲಿ ಕರಿಮೆಣಸು ಕೊಯ್ಯುತ್ತಿದ್ದ ಜೇನುಕುರುಬರು ಆ ಹಾಡಿಗಳಿಂದಲೇ ಬರುತ್ತಿದ್ದರೂ ನಾನೊಂದು ಮಾತು ಕೇಳಿರಲಿಲ್ಲ.

ಇನ್ನೊಂದನ್ನು ನಿನಗೆ ಇದುವರೆಗೆ ಹೇಳಿಲ್ಲ. ನೀನು ಚಿಕ್ಕವಳಿದ್ದಾಗ ಸಮೀಕ್ಷೆಯ ಹುಡುಗನೊಬ್ಬ ಮಳೆಯಲ್ಲಿ ನೆನೆದುಕೊಂಡು ಬಂದು, ಜಗಲಿಯಲ್ಲಿ ಕುಳಿತು, ತೋಟದ ಕೆಲಸದವರಿರುವ ಲೈನ್ ಮನೆಯವರು ದಿನಕ್ಕೆ ಎಷ್ಟು ಹೊತ್ತು ಊಟ ಮಾಡುತ್ತಾರೆ ಎಂದು ನನ್ನನ್ನು ಕೇಳಿದ. 'ಮೂರು ಹೊತ್ತು' ಎಂದುಬಿಟ್ಟೆ. ಲೈನ್ ಮನೆಗಳು ಅಲ್ಲಿಂದ ನೂರು ಹೆಜ್ಜೆ ಇರಬಹುದು, ಜಿಗಣೆಯ ಕಾಲ. ಅವನಿಗೂ ಇಳಿದು ಹೋಗುವುದು ಬೇಡವಾಗಿತ್ತು, ನನಗೂ. ಕಾಫಿ ಕುಡಿಯುತ್ತಲೇ ಹನ್ನೊಂದು ಮನೆಗಳ ಖಾನೆ ತುಂಬಿಕೊಂಡು ಹೋದ. ಆಷಾಢದಲ್ಲಿ ಕೆಲಸ ನಿಂತಾಗ ಅವರಲ್ಲಿ ಕೆಲವರು ಒಂದೇ ಹೊತ್ತು ಒಲೆ ಹಚ್ಚುತ್ತಿದ್ದರೆಂದು ನಿನ್ನ ಅಮ್ಮ ಅಂದು ರಾತ್ರಿ ಹೇಳಿದಳು. ಅಷ್ಟರಲ್ಲಿ ಆ ಹಾಳೆ ಊರು ದಾಟಿತ್ತು.

1990ರಿಂದ ಪ್ರಕಟವಾಗುತ್ತಿರುವ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಗಳನ್ನು ನೀನು ಓದಲಿರುವೆ. ಆದಾಯದ ಜೊತೆಗೆ ಆಯುಷ್ಯ, ವಿದ್ಯೆಗಳನ್ನೂ ಅಳೆಯಬೇಕೆಂದು ಅರ್ಥಶಾಸ್ತ್ರಜ್ಞರಾದ ಮಹಬೂಬ್ ಉಲ್ ಹಕ್, ಅಮರ್ತ್ಯ ಸೇನ್ ಅವರು ಹಾಕಿಕೊಟ್ಟ ದಾರಿ ದೊಡ್ಡದೇ. ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಅನುಮಾನವೆಲ್ಲ ಹಾಳೆ ತುಂಬಿಸುವ ಜಗಲಿಯ ಮೇಲೆ. ಯಾವುದೇ ದೇಶದ ಬಡತನದ ಕೋಷ್ಟಕ ಎದುರಾದರೂ, ಈ ಉತ್ತರ ಕೊಟ್ಟವರು ಯಾರು, ಮನೆಯ ಯಜಮಾನನೋ, ತೋಟದ ಧಣಿಯೋ, ಒಲೆ ಹಚ್ಚಿದವಳೋ ಎಂದು ನಿನ್ನ ಅಧ್ಯಾಪಕರನ್ನು ಕೇಳು. ಅವರಿಗೆ ಸಿಟ್ಟು ಬಂದರೂ ಕೇಳು.

ಪುತ್ತರಿ ಹಬ್ಬಕ್ಕೆ ಬರುವಾಗ ನಿಮ್ಮ ವಿಭಾಗದ ಪ್ರಶ್ನಾವಳಿಯೊಂದನ್ನು ತೆಗೆದುಕೊಂಡು ಬಾ. ಲೈನ್ ಮನೆಗಳಿಗೆ ನಾನೂ ಜೊತೆಗೆ ಬರುತ್ತೇನೆ, ಆದರೆ ಕಣದ ಹತ್ತಿರವೇ ನಿಂತಿರುತ್ತೇನೆ. ಧಣಿ ಎದುರಿಗಿದ್ದರೆ ಅವರು ಈಗಲೂ ಮೂರು ಹೊತ್ತು ಎಂದೇ ಹೇಳುತ್ತಾರೆ.

ಇಂತಿ,
ನಿನ್ನ ಅಪ್ಪ