ಪ್ರೈಮ್ ಗುರುತು ಎಲ್ಲಿ ಹಾಕಬೇಕು?

ಸರಸ್ವತಿಪುರಂ, ಮೈಸೂರು

ಪ್ರೀತಿಯ ತಮ್ಮಾ,

ಮಂಡ್ಯದಿಂದ ನೀನು ಕಳಿಸಿದ ವಿಶೇಷ ಸಾಪೇಕ್ಷತೆಯ ಅಧ್ಯಾಯ ಪೂರ್ತಿ ಓದಿದೆ. ಬರವಣಿಗೆ ತುಂಬ ಹಿಡಿಸಿತು. ಆದರೆ ಮೂರನೇ ಪುಟದಲ್ಲಿ, ಇದು ಇನ್ನೊಬ್ಬರ ಅಳತೆ ಅಂತ ತೋರಿಸುವ ಪ್ರೈಮ್ ಗುರುತು (′) ಎಕ್ಸ್ ಅಕ್ಷರಕ್ಕೆ ಹತ್ತಿದೆ, ಆರನೇ ಪುಟಕ್ಕೆ ಬಂದರೆ ಅದೇ ಗುರುತು ಇಂಡೆಕ್ಸ್ (ಅಕ್ಷರದ ಮೇಲೋ ಕೆಳಗೋ ಬರೆಯುವ ಸಣ್ಣ ಅಕ್ಷರ ಅಥವಾ ಅಂಕಿ) ಪಕ್ಕ ಕೂತಿದೆ. ಎರಡು ಕಡೆಯೂ ನೀನು ಹೇಳುತ್ತಿರುವುದು ಒಂದೇ ಮಾತು. ಮೊದಲ ಸಲ ಓದುವವರಿಗೆ ಅದು ಹೇಗೆ ಗೊತ್ತಾಗಬೇಕು? ಎರಡು ಪದ್ಧತಿಯೂ ಒಳ್ಳೆಯ ಪುಸ್ತಕಗಳಲ್ಲಿವೆ, ಯಾವುದೂ ತಪ್ಪಲ್ಲ. ನೀನು ಬರೆಯುತ್ತಿರುವುದು ಹೊಸಬರಿಗೆ, ಅಲ್ವಾ? ಹಾಗಾದರೆ ಇಂಡೆಕ್ಸ್‌ಗೇ ಹಾಕು.

ಕಾರಣ ಹೇಳುತ್ತೇನೆ. ನಡೆದ ಘಟನೆ ಒಂದೇ, ಅಳೆಯುವವರು ಇಬ್ಬರು. ಎಕ್ಸ್ ಅನ್ನೋದು ಘಟನೆಯ ಹೆಸರು, ಇಂಡೆಕ್ಸ್ ಅನ್ನೋದು ಯಾರ ಲೆಕ್ಕ ಅನ್ನೋದರ ಗುರುತು. ಅಕ್ಷರಕ್ಕೇ ಪ್ರೈಮ್ ಹಾಕಿದರೆ ಘಟನೆಯೇ ಬದಲಾಯಿತೇನೋ ಅನ್ನಿಸುತ್ತದೆ.

ನಿನ್ನೂರಿನ ಉದಾಹರಣೆಯನ್ನೇ ತೆಗೆದುಕೋ. ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಅಂತಿಟ್ಟುಕೊಳ್ಳೋಣ. ಬೆಳಕಿನ ವೇಗದ 0.6 ಪಟ್ಟು ವೇಗದ ರೈಲೊಂದು ಮೈಸೂರಿನ ಕಡೆಗೆ ಮಂಡ್ಯ ನಿಲ್ದಾಣ ದಾಟುತ್ತಿದೆ. ಆ ಕ್ಷಣ, ಆ ಜಾಗವೇ ಇಬ್ಬರಿಗೂ ಸೊನ್ನೆ. ಅದೇ ಕ್ಷಣಕ್ಕೆ, ಪ್ಲಾಟ್‌ಫಾರಂನವರ ಗಡಿಯಾರದ ಪ್ರಕಾರ, ಮೈಸೂರು ನಿಲ್ದಾಣದಲ್ಲಿ ದೀಪ ಹತ್ತಿತು. ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ ಅದನ್ನೂ ಕಿ.ಮೀ.ನಲ್ಲೇ ಬರೆ. ಸೊನ್ನೆ ಇಂಡೆಕ್ಸ್ ಕಾಲಕ್ಕೆ, ಒಂದು ದೂರಕ್ಕೆ. ಪ್ಲಾಟ್‌ಫಾರಂನವರಿಗೆ ದೀಪದ ಲೆಕ್ಕ 0 ಮತ್ತು 45. ರೈಲಿನವರಿಗೆ ಪ್ರೈಮ್ ಸೊನ್ನೆಗೆ ಮೈನಸ್ 33.75, ಪ್ರೈಮ್ ಒಂದಕ್ಕೆ 56.25. ಅಂದರೆ ಅವರ ಪ್ರಕಾರ ದೀಪ ಸುಮಾರು 113 ಮೈಕ್ರೋಸೆಕೆಂಡ್ ಮೊದಲೇ ಹತ್ತಿದೆ. 56.25ರ ವರ್ಗದಿಂದ 33.75ರ ವರ್ಗ ಕಳೆದು ನೋಡು, 2025 ಬರುತ್ತದೆ. ಅದು 45ರ ವರ್ಗ. ಇಬ್ಬರೂ ಒಪ್ಪುವ ಸಂಖ್ಯೆ ಇದು. ಇದನ್ನು ನಿನ್ನ ಅಧ್ಯಾಯದಲ್ಲಿ ಬಿಡಿಸಿ ತೋರಿಸು, ಅವಸರ ಮಾಡಬೇಡ.

ಈ ಲೆಕ್ಕ ಮಾಡಿಸುವುದು ಲ್ಯಾಮ್ಡಾ, ಅಂದರೆ ಒಬ್ಬರ ಅಳತೆಯನ್ನು ಇನ್ನೊಬ್ಬರದಕ್ಕೆ ಬದಲಾಯಿಸುವ ಮ್ಯಾಟ್ರಿಕ್ಸ್. ಅದರ ಮೇಲೆ ಪ್ರೈಮ್ ಇರುವ ಮ್ಯೂ, ಕೆಳಗೆ ಪ್ರೈಮ್ ಇಲ್ಲದ ನ್ಯೂ. ಕೆಳಗಿನ ನ್ಯೂ ಎಕ್ಸ್‌ನ ಮೇಲಿನ ನ್ಯೂ ಜೊತೆ ಕೂಡಿ ಮಾಯವಾಗುತ್ತದೆ, ಉಳಿಯುವುದು ರೈಲಿನ ಇಂಡೆಕ್ಸ್ ಮಾತ್ರ. ರೈಲಿನಿಂದ ಪ್ಲಾಟ್‌ಫಾರಂಗೆ ವಾಪಸ್ ಬರಬೇಕಾದರೆ ಪ್ರೈಮ್ ಕೆಳಗಿನ ಇಂಡೆಕ್ಸ್‌ಗೆ ಇಳಿಯುತ್ತದೆ, ಅಷ್ಟೇ. ಮ್ಯಾಟ್ರಿಕ್ಸ್ ಒಳಗೆ 45ನ್ನು ಗುಣಿಸಿ ಮೈನಸ್ 33.75 ಕೊಟ್ಟ ಮೈನಸ್ 0.75 ಇದ್ದ ಜಾಗದಲ್ಲಿ ಪ್ಲಸ್ 0.75 ಬರುತ್ತದೆ. ವಿಲೋಮಕ್ಕೆ, ಅಂದರೆ ಈ ವಾಪಸ್ ಲೆಕ್ಕಕ್ಕೆ, ಬೇರೆ ಚಿಹ್ನೆ ಬೇಡ. ಪ್ರೈಮ್ ಅಕ್ಷರಕ್ಕೆ ಹಾಕಿದ್ದರೆ ಪ್ರತಿ ಸಲವೂ ವಿಲೋಮದ ಮೈನಸ್ ಒಂದನ್ನು ಹೊತ್ತುಕೊಂಡು ತಿರುಗಬೇಕಿತ್ತು.

ಒಂದು ಎಚ್ಚರಿಕೆ. ಈ ರೈಲಿನ ಮ್ಯಾಟ್ರಿಕ್ಸ್‌ನಲ್ಲಿ ಸಾಲು ಕಂಬ ಅದಲುಬದಲಾದರೂ ಉತ್ತರ ಅದೇ ಬರುತ್ತದೆ. ತಪ್ಪು ಬರೆದರೂ ಸಿಕ್ಕಿಬೀಳುವುದಿಲ್ಲ! ಒಂದೇ ದಿಕ್ಕಿನ ಉದಾಹರಣೆಗಳಲ್ಲೇ ಕಲಿತವರು ಇಲ್ಲೇ ಎಡವುತ್ತಾರೆ. ಅದಕ್ಕೇ ಬೇರೆ ಬೇರೆ ದಿಕ್ಕಿನ ಎರಡು ವೇಗಗಳನ್ನು ಒಂದಾದ ಮೇಲೊಂದು ಸೇರಿಸುವ ಲೆಕ್ಕವನ್ನೂ ಕೊಡು. ಆಗ ಮ್ಯಾಟ್ರಿಕ್ಸ್‌ನ ಸಮಮಿತಿ (ಸಾಲು ಕಂಬ ಬದಲಾದರೂ ಹಾಗೇ ಉಳಿಯುವ ಗುಣ) ಹೋಗುತ್ತದೆ, ನಡುವೆ ಒಂದು ತಿರುಗುವಿಕೆಯೂ ಸೇರುತ್ತದೆ. ಯಾವ ಇಂಡೆಕ್ಸ್ ಮೊದಲು, ಯಾವುದು ಆಮೇಲೆ ಅನ್ನೋದು ಆಗ ಬಿಗಿಯಾಗಿ ಬೇಕಾಗುತ್ತದೆ. ಹಾಗಾಗಿ ಲ್ಯಾಮ್ಡಾದ ಮೇಲಿನ ಇಂಡೆಕ್ಸನ್ನೂ ಕೆಳಗಿನದನ್ನೂ ನೇರ ಒಂದರ ಮೇಲೊಂದು ಕೂರಿಸಬೇಡ. ಮಧ್ಯೆ ಜಾಗ ಬಿಡು. ಇಂಡೆಕ್ಸ್‌ಗೆ ಕನ್ನಡ ಅಕ್ಷರ ಬಳಸುವ ನಿನ್ನ ಆಸೆ ನನಗೆ ಇಷ್ಟವಾಯಿತು, ಆದರೆ ಕೆಳಗಿನ ಇಂಡೆಕ್ಸ್ ಒತ್ತಕ್ಷರದ ಹಾಗೆ ಕಾಣುತ್ತದೆ. ಗ್ರೀಕ್ ಅಕ್ಷರವೇ ಇರಲಿ.

ಇತಿಹಾಸದ ಭಾಗ ಜಾಸ್ತಿ ಆಯಿತು. 1905ರ ಲೇಖನದಲ್ಲಿ ಐನ್‌ಸ್ಟೈನ್ ಇಂಡೆಕ್ಸ್ ಬಳಸಲಿಲ್ಲ, ಒಂದೊಂದು ಸಮೀಕರಣವನ್ನೂ ಬಿಡಿಬಿಡಿಯಾಗಿ ಬರೆದರು. ಒಂದೇ ಪದದಲ್ಲಿ ಎರಡು ಸಲ ಬಂದ ಇಂಡೆಕ್ಸ್‌ನ ಎಲ್ಲ ಬೆಲೆಗಳಿಗೂ ಕೂಡಿಸು ಅನ್ನುವ ಒಪ್ಪಂದ ಅವರ 1916ರ ಲೇಖನದ್ದು. ಇಷ್ಟು ಸಾಕು. ಗಣಿತಜ್ಞ ಮಿಂಕೋವ್‌ಸ್ಕಿ ಅವರು ಕಾಲವನ್ನು ಕಾಲ್ಪನಿಕ ಸಂಖ್ಯೆಯಿಂದ ಗುಣಿಸಿದ ಉಪಾಯವನ್ನು ಹೇಳು, ಆದರೆ ಬಳಸಬೇಡ. ಅದರಲ್ಲಿ ಮೇಲಿನ ಇಂಡೆಕ್ಸ್‌ಗೂ ಕೆಳಗಿನದಕ್ಕೂ ಇರುವ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಮುಂದೆ ಸಾಮಾನ್ಯ ಸಾಪೇಕ್ಷತೆ ಓದುವವರಿಗೆ ಅದು ಕೆಲಸಕ್ಕೆ ಬರುವುದಿಲ್ಲ.

ಅಳೆಯುವವರ ಚೌಕಟ್ಟು ಹಾಗೇ ಇದ್ದು ವಸ್ತುವನ್ನೇ ತಿರುಗಿಸುವ ಸಂದರ್ಭ ನಿನ್ನ ಕೊನೆಯ ಭಾಗದಲ್ಲಿದೆ. ಅಲ್ಲಿ ಸದಿಶವೇ (ವೆಕ್ಟರ್) ಬದಲಾಗುತ್ತದೆ. ಆದ್ದರಿಂದ ಅಲ್ಲಿ ಮಾತ್ರ ಪ್ರೈಮ್ ಅಕ್ಷರಕ್ಕೆ ಹೋಗಲಿ, ಹೋಗುವ ಮುಂಚೆ ಒಂದು ಸಾಲಿನಲ್ಲಿ ಹೇಳಿಬಿಡು. ಮೆಟ್ರಿಕ್‌ನಲ್ಲಿ, ಅಂದರೆ ಕಾಲ ಮತ್ತು ದೂರದ ವರ್ಗಗಳನ್ನು ಸೇರಿಸುವ ನಿಯಮದಲ್ಲಿ, ಕಾಲಕ್ಕೆ ಮೈನಸ್ಸೋ ಪ್ಲಸ್ಸೋ ಅನ್ನುವುದನ್ನೂ ಮೊದಲ ಪುಟದಲ್ಲೇ ಬರೆ. ಎಲ್ಲ ತಿದ್ದಿದ ಮೇಲೆ ಆರನೇ ಪುಟದಿಂದ ಮುಂದಿನದನ್ನು ಇನ್ನೊಮ್ಮೆ ಕಳಿಸಪ್ಪ, ನೋಡುತ್ತೇನೆ.

ಇಂತಿ,
ನಿನ್ನ ಮೇಷ್ಟ್ರು